ಹೊಗೆ ತಣ್ಣಗಾಯ್ತು, ಫ್ಲೋರೈಡ್ ಎಲ್ಲಿಗೆ ಹೋಯ್ತು?

ನಮ್ಮ ಹಾಸ್ಟೆಲ್ ಮೆಸ್ಸಲ್ಲಿ ಫ್ಯಾನ್ ಗಾಳಿ ತಲುಪದ ಒಂದು ಟೇಬಲ್ ಇದೆ. ಅಲ್ಲಿ ಕೂರೋದು ನಾವು ನಾಲ್ಕು ಜನ. ಒಬ್ಬರು ಮಧುಗಿರಿ, ಒಬ್ಬರು ಶಿರಾ, ಒಬ್ಬರು ಕೊರಟಗೆರೆ, ಒಬ್ಬರು ಪಾವಗಡ. ಉಳಿದವರು ನಮ್ಮನ್ನು ‘ಬರದ ಬ್ಯಾಚ್’ ಅಂತಾರೆ. ಬೇಜಾರಿಲ್ಲ. ಶವರ್ ಕೆಳಗೆ ಇಪ್ಪತ್ತು ನಿಮಿಷ ನಿಂತು ಹಾಡೋರನ್ನ ನೋಡಿದಾಗ ಬಾಗಿಲು ತಟ್ಟೋದು ನಾವೇ ತಾನೇ. ಈ ಲೇಖನ ಬರೆದಿರೋದು ಒಂದೇ ಕೈ, ಆದ್ರೆ ಮಾತು ಆ ಟೇಬಲ್ಲಿಂದು. ಅದಕ್ಕೆ ಎಲ್ಲಾ ಕಡೆ ‘ನಾವು’.

ವಿಷಯ ಶುರುವಾಗಿದ್ದು ಒಂದು ಸ್ಲೈಡಿಂದ. ಚಿಪ್ ತಯಾರಿಕೆ ಬಗ್ಗೆ ಒಂದು ಅತಿಥಿ ಉಪನ್ಯಾಸ ಇತ್ತು. ವೇಫರ್, ಆಕ್ಸೈಡ್, ಲಿಥೋಗ್ರಫಿ, ಎಚ್ಚಿಂಗ್, ಎಲ್ಲಾ ಬಣ್ಣಬಣ್ಣದ ಡಬ್ಬಗಳು. ಮೂಲೆಯಲ್ಲಿ ಒಂದು ಪುಟ್ಟ ಬೂದು ಡಬ್ಬ, ಅದರ ಮೇಲೆ ‘ಎಕ್ಸಾಸ್ಟ್’ ಅಂತ ಬರೆದು, ಒಂದು ಬಾಣ ಸ್ಲೈಡ್ ಆಚೆಗೆ ಹೋಗಿತ್ತು. ಆ ಬಾಣ ಎಲ್ಲಿಗೆ ಹೋಗುತ್ತೆ ಅಂತ ನಮ್ಮಲ್ಲೊಬ್ಬರು ಕೇಳಿದರು. ‘ಅದು ಫೆಸಿಲಿಟಿ ಟೀಮ್ ನೋಡಿಕೊಳ್ಳುತ್ತೆ’ ಅಂತ ಉತ್ತರ ಬಂತು, ಮುಂದಿನ ಸ್ಲೈಡ್ ಬಂತು. ನಮಗೆ ಮಾತ್ರ ಆ ಬಾಣ ತಲೆಯಿಂದ ಹೋಗಲಿಲ್ಲ. ಎರಡು ತಿಂಗಳು ಲೈಬ್ರರಿಯಲ್ಲಿ, ಇಂಟರ್ನೆಟ್ಟಲ್ಲಿ ಅದರ ಹಿಂದೆ ಬಿದ್ದೆವು. ಅದು ಕೊನೆಗೆ ನಮ್ಮೂರಿನ ಬೋರ್‌ವೆಲ್ ಹತ್ತಿರ ಬಂದು ನಿಂತಿತು.

ಮೊದಲು ಆ ಹೊಗೆ ಏನು ಅಂತ ಹೇಳಿಬಿಡ್ತೀವಿ. ಚಿಪ್ ಮಾಡೋ ಮೆಷಿನ್ನುಗಳಲ್ಲಿ ಎರಡು ಕೆಲಸ ಮತ್ತೆ ಮತ್ತೆ ನಡೆಯುತ್ತೆ. ಒಂದು, ವೇಫರ್ ಮೇಲೆ ತೆಳು ಪದರ ಕೂರಿಸೋದು. ಇನ್ನೊಂದು, ಬೇಡದ ಕಡೆ ಪದರ ಕೊರೆದು ತೆಗೆಯೋದು. ಕೂರಿಸೋಕೆ ಸೈಲೇನ್, ಅಮೋನಿಯಾ ತರದ ಅನಿಲಗಳು ಬೇಕು. ಕೊರೆಯೋಕೆ ಕಾರ್ಬನ್ ಟೆಟ್ರಾಫ್ಲೋರೈಡ್, ಸಲ್ಫರ್ ಹೆಕ್ಸಾಫ್ಲೋರೈಡ್, ಕ್ಲೋರಿನ್. ಮೆಷಿನ್ನಿನ ಒಳಗೋಡೆ ತೊಳೆಯೋಕೆ ನೈಟ್ರೋಜನ್ ಟ್ರೈಫ್ಲೋರೈಡ್. ಇದರಲ್ಲಿ ಒಂದು ಪಾಲು ಕೆಲಸ ಮಾಡುತ್ತೆ, ಉಳಿದದ್ದು ವ್ಯಾಕ್ಯೂಮ್ ಪಂಪಿನ ಮೂಲಕ ಹೊರಗೆ. ಸೈಲೇನ್ ಗಾಳಿ ಸೋಕಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತೆ. ಕಾರ್ಬನ್ ಟೆಟ್ರಾಫ್ಲೋರೈಡ್ ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವ, ಯಾವುದಕ್ಕೂ ಜಗ್ಗಲ್ಲ. ವಾತಾವರಣಕ್ಕೆ ಸೇರಿದರೆ ಸುಮಾರು 50,000 ವರ್ಷ ಅಲ್ಲೇ ಇರುತ್ತೆ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 6,000 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತೆ. ಸಲ್ಫರ್ ಹೆಕ್ಸಾಫ್ಲೋರೈಡಿಗೆ ಆ ಅಂಕಿ 20,000 ದಾಟುತ್ತೆ.

ಹಾಗಾಗಿ ಹೊರಗೆ ಬಿಡೋ ಮುಂಚೆ ಸುಡಲೇಬೇಕು. ಪ್ರತಿ ಮೆಷಿನ್ನಿನ ಪಕ್ಕದಲ್ಲೋ ಕೆಳಗಿನ ಮಹಡಿಯಲ್ಲೋ ಬೀರು ಗಾತ್ರದ ಒಂದು ಪೆಟ್ಟಿಗೆ ಇರುತ್ತೆ. ಅದರ ಮೇಲ್ಭಾಗದಲ್ಲಿ ಗ್ಯಾಸ್ ಉರಿ ಅಥವಾ ಪ್ಲಾಸ್ಮಾ. ಮೊಂಡು ಬೀಳೋ ಕಾರ್ಬನ್ ಟೆಟ್ರಾಫ್ಲೋರೈಡ್ ಮುರಿಯೋಕೆ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಬೇಕು. ಆ ಬಿಸಿಯಲ್ಲಿ ಅದು ನೀರಾವಿ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್ ಆಗುತ್ತೆ. ಒಂದು ಅಣುವಿಗೆ ನಾಲ್ಕು ಹೈಡ್ರೋಜನ್ ಫ್ಲೋರೈಡ್. ಗಾಜನ್ನೂ ತಿನ್ನೋ ಆಮ್ಲ ಇದು. ಸೈಲೇನ್ ಉರಿದು ಮರಳಿನ ಹಿಟ್ಟಾಗುತ್ತೆ, ಅಂದರೆ ನುಣುಪಾದ ಸಿಲಿಕಾ ಪುಡಿ.

ಇಲ್ಲಿಂದ ಶುರು ನಮ್ಮ ಕಥೆ, ತಣಿಸೋದು. ಅಷ್ಟು ಬಿಸಿ ಹೊಗೆಯನ್ನ ನೇರವಾಗಿ ಕೊಳವೆಗೆ ಬಿಡೋ ಹಾಗಿಲ್ಲ, ಯಾಕಂದರೆ ಆಮ್ಲ ಒಯ್ಯೋ ಕೊಳವೆಗಳು ಹೆಚ್ಚಾಗಿ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸ್. ಉಕ್ಕು ಹಾಕಿದರೆ ಆಮ್ಲ ತಿನ್ನುತ್ತೆ, ಪ್ಲಾಸ್ಟಿಕ್ ಹಾಕಿದರೆ ಬಿಸಿಗೆ ಮೆತ್ತಗಾಗುತ್ತೆ. ಅದಕ್ಕೆ ಉರಿಯ ಕೆಳಗೇ ನೀರಿನ ಸ್ಪ್ರೇ. ಸೆಕೆಂಡಿನ ಒಂದು ತುಣುಕಿನಲ್ಲಿ ಹೊಗೆ ನೂರು ಡಿಗ್ರಿ ಕೆಳಗೆ ಬೀಳುತ್ತೆ, ಹೈಡ್ರೋಜನ್ ಫ್ಲೋರೈಡ್ ನೀರಿಗೆ ಇಳಿಯುತ್ತೆ, ಪುಡಿ ತೊಳೆದು ಹೋಗುತ್ತೆ. ಇದಕ್ಕೆ ‘ಕ್ವೆಂಚ್’ ಅಂತಾರೆ. ಇಂಗ್ಲಿಷ್ ಮೀಡಿಯಂ ಓದಿದ ನಮಗೆ ಇದಕ್ಕೆ ಕನ್ನಡದಲ್ಲಿ ಏನಂತ ಬರೆಯೋದು ಗೊತ್ತಾಗಲಿಲ್ಲ. ಶಿರಾದವರ ತಾತ ಫೋನಲ್ಲಿ ಹೇಳಿದರು, ‘ಕುಲುಮೆಯಿಂದ ತೆಗೆದ ಕುಡುಗೋಲಿಗೆ ನೀರು ಕುಡಿಸ್ತೀವಲ್ಲ, ಅದೇ ಕಣ್ರೋ’. ನೀರು ಕುಡಿಸೋದು! ಇದಕ್ಕಿಂತ ಒಳ್ಳೆ ಪದ ನಮಗೆ ಸಿಗಲಿಲ್ಲ. ಫ್ಯಾಬ್ ವಿಷಯದಲ್ಲಂತೂ ಅಕ್ಷರಶಃ ನಿಜ.

ಒಂದು ತಮಾಷೆ ನೋಡಿ. ಉರಿಗೆ ಮುಂಚೆ ಇರೋ ಕೊಳವೆಗಳಿಗೆ ಹೀಟರ್ ಸುತ್ತಿ ಬಿಸಿ ಮಾಡ್ತಾರೆ! ಅಲ್ಲಿ ಅನಿಲ ತಣ್ಣಗಾದರೆ ಉಪ್ಪಿನ ತರದ ಪುಡಿ ಗೋಡೆಗೆ ಕೂತು ಪೈಪು ಕಟ್ಟಿಕೊಳ್ಳುತ್ತೆ. ಉರಿ ದಾಟಿದ ಮೇಲೆ ತಕ್ಷಣ ತಣಿಸಬೇಕು, ಅದಕ್ಕೆ ಮುಂಚೆ ತಣಿಯಲೇಬಾರದು. ಅರ್ಧಂಬರ್ಧ ತಣಿದು ತೇವ ಕೂತರೆ ಆಮ್ಲ ಅಲ್ಲೇ ಲೋಹ ತಿನ್ನೋಕೆ ಶುರು. ಥರ್ಮಲ್ ವಿಷಯ ಬೋರು ಅನ್ನೋ ಮೆಕ್ಯಾನಿಕಲ್ ಗೆಳೆಯರು ಇದನ್ನ ಇನ್ನೊಂದ್ಸಲ ಓದಬೇಕು. ವಿಎಲ್ಎಸ್ಐ ಡಿಸೈನ್ ಅಂತ ಇಡೀ ಕ್ಯಾಂಪಸ್ ಓಡ್ತಾ ಇರೋವಾಗ, ಫ್ಯಾಬ್ ಒಳಗೆ ಮೆಕ್ಯಾನಿಕಲ್, ಕೆಮಿಕಲ್, ಸಿವಿಲ್ ಓದಿದವರ ಕೆಲಸ ಇಷ್ಟಿದೆ ಅಂತ ಯಾರೂ ನಮಗೆ ಹೇಳಿರಲಿಲ್ಲ.

ಈಗ ನೀರಿನ ಲೆಕ್ಕ. ಒಂದು ಕೆಜಿ ಹೊಗೆಯನ್ನ 900 ಡಿಗ್ರಿಯಿಂದ 80 ಡಿಗ್ರಿಗೆ ಇಳಿಸಬೇಕು ಅಂದುಕೊಳ್ಳಿ. ಗಾಳಿಯ ಉಷ್ಣ ಸಾಮರ್ಥ್ಯ ಕೆಜಿಗೆ ಸುಮಾರು 1.1 ಕಿಲೋಜೂಲ್ ಅಂತ ಹಿಡಿದರೆ ತೆಗೆಯಬೇಕಾದ ಬಿಸಿ ಸುಮಾರು 900 ಕಿಲೋಜೂಲ್. ನೀರನ್ನ 20 ಡಿಗ್ರಿ ಮಾತ್ರ ಬಿಸಿಯಾಗೋಕೆ ಬಿಟ್ಟರೆ ಇದಕ್ಕೆ 11 ಲೀಟರ್ ಹತ್ತಿರ ಬೇಕು. ಅದೇ ನೀರು ಆವಿಯಾಗೋ ಹಾಗೆ ಸಣ್ಣ ಹನಿ ಮಾಡಿ ಸಿಂಪಡಿಸಿದರೆ ಅರ್ಧ ಲೀಟರ್ ಕೂಡ ಬೇಡ, ಒಂದು ಚೊಂಬಿಗೂ ಕಡಿಮೆ. ಯಾಕಂದರೆ ಆವಿಯಾಗುವಾಗ ಒಂದು ಲೀಟರ್ ನೀರು ಎರಡು ಸಾವಿರಕ್ಕೂ ಹೆಚ್ಚು ಕಿಲೋಜೂಲ್ ಎಳೆದುಕೊಳ್ಳುತ್ತೆ. ಮಣ್ಣಿನ ಮಡಕೆ ನೀರು ತಣ್ಣಗಿರೋದೂ ಇದರಿಂದಲೇ.

ಹಾಗಾದ್ರೆ ಸಮಸ್ಯೆ ಏನು, ಅರ್ಧ ಲೀಟರಲ್ಲಿ ಮುಗೀತಲ್ಲ ಅಂತೀರ? ಇಲ್ಲ. ಆಮ್ಲ ಹಿಡಿಯೋಕೆ, ಪುಡಿ ತೊಳೆಯೋಕೆ ಹರಿಯೋ ನೀರು ಬೇಕೇ ಬೇಕು. ಅದನ್ನ ಮತ್ತೆ ಮತ್ತೆ ಸುತ್ತಿಸಬಹುದು, ಹೀಟ್ ಎಕ್ಸ್‌ಚೇಂಜರಲ್ಲಿ ತಣ್ಣಗೆ ಮಾಡಬಹುದು. ಆದ್ರೆ ಸುತ್ತಿದಷ್ಟೂ ಫ್ಲೋರೈಡ್ ಏರುತ್ತೆ, ಒಂದು ಹಂತದಲ್ಲಿ ಸ್ವಲ್ಪ ಹೊರಗೆ ಚೆಲ್ಲಿ ಹೊಸ ನೀರು ತುಂಬಲೇಬೇಕು. ಫ್ಲೋರಿನ್ ಒಂದು ಮೂಲಧಾತು. ಸುಟ್ಟರೆ ನಾಶ ಆಗಲ್ಲ, ತಣಿಸಿದರೂ ಆಗಲ್ಲ. ಗಾಳಿಯ ವಿಳಾಸ ಬಿಟ್ಟು ನೀರಿನ ವಿಳಾಸಕ್ಕೆ ಹೋಯ್ತು, ಅಷ್ಟೇ.

ಈ ಮಾತು ಓದುವಾಗ ಪಾವಗಡದವರು ಪುಸ್ತಕ ಮುಚ್ಚಿದರು. ಆಮೇಲೆ ಅವರ ಮನೆ ಕಥೆ ಹೇಳಿದರು. ನಮ್ಮ ನಾಲ್ವರಲ್ಲಿ ಅವರೊಬ್ಬರು ಫೋಟೋದಲ್ಲಿ ಬಾಯಿ ಮುಚ್ಚಿ ನಗೋದು ಯಾಕೆ ಅಂತ ಒಂದೂವರೆ ವರ್ಷ ನಾವು ಕೇಳಿರಲಿಲ್ಲ. ಹಲ್ಲಿನ ಮೇಲೆ ಕಂದು ಗೆರೆ. ಅವರ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಹಾಗೇ ಇತ್ತಂತೆ, ಎಲ್ಲರಿಗೂ ಇದ್ದಾಗ ಅದು ಕಾಯಿಲೆ ಅನ್ನಿಸಿರಲಿಲ್ಲ. ಹೈಸ್ಕೂಲಿಗೆ ಬೇರೆ ಊರಿಗೆ ಹೋದ ಮೇಲೆ ‘ಹಲ್ಲು ಉಜ್ಜಲ್ವಾ’ ಅಂತ ಯಾರೋ ಕೇಳಿದಾಗ ಗೊತ್ತಾಯ್ತಂತೆ. ಅಜ್ಜಿಗೆ ಮಂಡಿ, ಬೆನ್ನು ಎರಡೂ ಬಿಗಿದಿದೆ, ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ಊರಲ್ಲಿ ಇದನ್ನ ವಯಸ್ಸಿನ ಖಾತೆಗೆ ಬರೆದುಬಿಡ್ತಾರೆ.

ನಮ್ಮ ತಾಲ್ಲೂಕುಗಳ ನೆಲದಡಿ ಇರೋದು ಗ್ರಾನೈಟು, ನೈಸ್ ಶಿಲೆ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಿ ಫೋಟೋ ತೆಗೆಸಿಕೊಳ್ಳೋರು, ಅದೇ ಜಾತಿಯ ಬಂಡೆಯ ಬಿರುಕಿನಿಂದ ನಮ್ಮ ಕುಡಿಯೋ ನೀರು ಬರುತ್ತೆ ಅಂತ ಯೋಚಿಸಿರಲ್ಲ. ಆ ಬಂಡೆಯ ಖನಿಜಗಳಲ್ಲಿ ಫ್ಲೋರಿನ್ ಇದೆ. ಬಾವಿ ಕಾಲದಲ್ಲಿ ಮಳೆನೀರು ಇಳಿದು ಬೇಗ ಮೇಲೆ ಬರ್ತಿತ್ತು. ಬಾವಿ ಬತ್ತಿ, ಬೋರು ಮುನ್ನೂರು ಅಡಿ ಆಯ್ತು, ಆರುನೂರು ಆಯ್ತು, ಸಾವಿರವೂ ಆಯ್ತು. ಅಷ್ಟು ಆಳದ ನೀರು ಬಂಡೆ ಜೊತೆ ಬಹಳ ಕಾಲ ಕೂತಿರುತ್ತೆ. ನೀರಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಜಾಸ್ತಿ ಕರಗಿ ಉಳಿಯುತ್ತೆ. ಕುಡಿಯೋ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ.

ಕ್ಯಾಲ್ಸಿಯಂ ಕಥೆ ಇಲ್ಲಿಗೇ ಮುಗಿಯಲ್ಲ, ಫ್ಯಾಬ್‌ನಲ್ಲೂ ಇದೇ ರಸಾಯನಶಾಸ್ತ್ರ, ತಿರುಗಿಸಿ ಮಾಡ್ತಾರೆ. ತಣಿಸಿದ ನೀರಿಗೆ ಸುಣ್ಣ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಕ್ಯಾಲ್ಸಿಯಂ ಫ್ಲೋರೈಡ್ ಬಿಳಿ ಕೆಸರಾಗಿ ಕೆಳಗೆ ಕೂರುತ್ತೆ. ಪಠ್ಯಪುಸ್ತಕ ಇಲ್ಲಿಗೆ ಸಮಸ್ಯೆ ಮುಗೀತು ಅನ್ನುತ್ತೆ. ನಾವು ಕರಗುವಿಕೆಯ ಅಂಕಿ ತೆಗೆದು ನೋಡಿದೆವು. ಕ್ಯಾಲ್ಸಿಯಂ ಫ್ಲೋರೈಡ್ ಶುದ್ಧ ನೀರಲ್ಲಿ ಲೀಟರಿಗೆ ಸುಮಾರು 16 ಮಿಲಿಗ್ರಾಂ ಕರಗುತ್ತೆ, ಅದರಲ್ಲಿ ಫ್ಲೋರೈಡ್ ಪಾಲು ಸುಮಾರು 8. ಅಂದರೆ ಬರೀ ಸುಣ್ಣದಿಂದ 8ರ ಆಸುಪಾಸಿಗೆ ಬಂದು ನಿಲ್ಲುತ್ತೆ. ಕ್ಯಾಲ್ಸಿಯಂ ಜಾಸ್ತಿ ಹಾಕಿ ಇನ್ನೂ ಇಳಿಸಬಹುದು ಅಂತ ಲೆಕ್ಕ ಹೇಳುತ್ತೆ, ಆದ್ರೆ ಬೇರೆ ರಾಸಾಯನಿಕ, ಸಿಲಿಕಾ ತುಂಬಿದ ನಿಜವಾದ ನೀರು ಲೆಕ್ಕದ ಮಾತು ಅಷ್ಟು ಸುಲಭವಾಗಿ ಕೇಳಲ್ಲ. ಕಾರ್ಖಾನೆ ನೀರನ್ನ ಹೊಳೆ, ಕೆರೆಗೆ ಬಿಡೋಕೆ ನಮ್ಮ ಪರಿಸರ ನಿಯಮದ ಮಿತಿ ಲೀಟರಿಗೆ 2 ಮಿಲಿಗ್ರಾಂ. ಎಂಟರಿಂದ ಎರಡಕ್ಕೆ ಇಳಿಸೋಕೆ ಅಲ್ಯುಮಿನಾ, ಆರ್‌ಒ ತರದ ಎರಡನೇ, ಮೂರನೇ ಹಂತ ಬೇಕು. ದುಡ್ಡು ಖರ್ಚಾಗೋದು ಅಲ್ಲೇ. ಹಣ ಉಳಿಸಬೇಕು ಅಂದಾಗ ಮೊದಲು ಕತ್ತರಿ ಬೀಳೋದೂ ಅಲ್ಲೇ ಅಂತ ನಮ್ಮ ಅನುಮಾನ.

ಅದರ ಮೇಲೆ ಇನ್ನೊಂದು ಪ್ರಶ್ನೆ. ಹೊಳೆಗೆ ಬಿಡೋ ಮಿತಿ 2, ಕುಡಿಯೋ ಮಿತಿ 1. ಹೊಳೆ ತುಂಬಿ ಹರಿಯೋ ಕಡೆ ಈ ವ್ಯತ್ಯಾಸ ನಡೆಯುತ್ತೆ, ಬೆರೆತು ತೆಳ್ಳಗಾಗುತ್ತೆ. ನಮ್ಮ ಕಡೆ ಯಾವ ಹೊಳೆ? ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟೋ ಜಯಮಂಗಲಿ ವರ್ಷದ ಬಹುಪಾಲು ಮರಳು, ಜಾಲಿಗಿಡ. ಮರಳಿಗೆ ಬಿದ್ದ ನೀರು ಎಲ್ಲೂ ಹರಿಯಲ್ಲ, ಕೆಳಗೆ ಇಳಿಯುತ್ತೆ. ಆಮೇಲೆ ಪಕ್ಕದ ತೋಟದ ಬೋರಿಂದ ಮೇಲೆ ಬರುತ್ತೆ. ದೇಶಕ್ಕೆಲ್ಲ ಒಂದೇ ಅಂಕಿ ಬರೆದವರಿಗೆ ಗಂಗೆಯೂ ಹೊಳೆ, ಜಯಮಂಗಲಿಯೂ ಹೊಳೆ.

‘ನಿಮ್ಮೂರಲ್ಲಿ ಫ್ಯಾಬ್ ಎಲ್ಲಿದೆ ಮಾರಾಯ, ಕೂಸು ಹುಟ್ಟೋಕೆ ಮುಂಚೆ ಕುಲಾವಿ’ ಅಂತ ಒಬ್ಬ ಸೀನಿಯರ್ ನಕ್ಕರು. ಸರಿ, ಫ್ಯಾಬ್ ಇಲ್ಲ. ಆದ್ರೆ ತುಮಕೂರಿಂದ ಶಿರಾ ಕಡೆ ಹೋಗುವಾಗ ವಸಂತನರಸಾಪುರ ಸಿಗುತ್ತೆ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ನೋಡ್‌ಗೆ 2020ರ ಡಿಸೆಂಬರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, 2023ರ ಫೆಬ್ರವರಿಯಲ್ಲಿ ಪ್ರಧಾನಿ ಟೌನ್‌ಶಿಪ್ಪಿಗೆ ಶಂಕುಸ್ಥಾಪನೆ ಮಾಡಿದ್ದಾರೆ. 2022ರಲ್ಲಿ ಮೈಸೂರು ಹತ್ತಿರದ ಕೋಚನಹಳ್ಳಿಗೆ 22,900 ಕೋಟಿ ರೂಪಾಯಿಯ ಫ್ಯಾಬ್ ಅಂತ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತ್ತು. ಅದು ಬರಲಿಲ್ಲ. ಗುಜರಾತಿನ ಧೋಲೇರಾದಲ್ಲಿ 2024ರಲ್ಲಿ ಶಂಕುಸ್ಥಾಪನೆ ಆಯ್ತು. ನಾಳೆ ನಮ್ಮ ಕಡೆಗೂ ಯಾರಾದರೂ ಬರಬಹುದು, ಬರಲಿ ಅಂತಾನೇ ನಮ್ಮ ಆಸೆ ಕೂಡ. ಕೆಲಸಕ್ಕೆ ಪೀಣ್ಯದ ಬಸ್ಸು ಹತ್ತೋ ಅಣ್ಣಂದಿರು ನಮ್ಮ ಮನೆಗಳಲ್ಲೂ ಇದ್ದಾರೆ. ಆದ್ರೆ ಶಂಕುಸ್ಥಾಪನೆ ಆದ ಮೇಲೆ ಪ್ರಶ್ನೆ ಕೇಳಿದರೆ ಅಭಿವೃದ್ಧಿ ವಿರೋಧಿ ಅಂತಾರೆ, ಮುಂಚೆ ಕೇಳಿದರೆ ಕುಲಾವಿ ಅಂತಾರೆ. ಕೇಳೋಕೆ ಸರಿಯಾದ ದಿನ ಯಾವುದು ಅಂತ ಸೀನಿಯರ್ ಹೇಳಿಲ್ಲ.

ಇನ್ನು, ಫ್ಯಾಬ್ ಇಲ್ಲದಿದ್ದರೂ ಫ್ಯಾಬಿನ ತಮ್ಮ ಈಗಾಗಲೇ ನಮ್ಮೂರಲ್ಲಿದ್ದಾನೆ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. ರೈತರ ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು ಶುರು ಮಾಡಿದ್ದು. ಸಿಲಿಕಾನ್ ಪ್ಯಾನೆಲ್ ನೀಲಿಯಾಗಿ ಕಾಣುತ್ತಲ್ಲ, ಆ ಬಣ್ಣ ಸಿಲಿಕಾನ್ ನೈಟ್ರೈಡ್ ಪದರದ್ದು. ಅದನ್ನ ಕೂರಿಸೋದು ಸೈಲೇನ್, ಅಮೋನಿಯಾದಿಂದಲೇ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಆ ಹೊಗೆ ಸುಟ್ಟು, ತಣಿಸಿ, ತೊಳೆದು, ಆ ನೀರು ಯಾರದೋ ಊರಿನ ಕಡೆ ಹೋಗಿದೆ. ನಮಗೆ ಬಂದಿದ್ದು ಸ್ವಚ್ಛ ನೀಲಿ ಮಾತ್ರ. ಇದನ್ನ ಯೋಚಿಸಿದಾಗ ನಮ್ಮ ಟೇಬಲ್ಲಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೇರೆಯವರ ಊರಿನ ನೀರಿನ ಬಗ್ಗೆ ನಾವೂ ಕೇಳಿರಲಿಲ್ಲವಲ್ಲ.

ದೊಡ್ಡ ಫ್ಯಾಬ್ ಒಂದು ದಿನಕ್ಕೆ ಕೋಟಿ ಲೀಟರ್ ದಾಟಿ ನೀರು ಬಳಸುತ್ತೆ. ಇದರಲ್ಲಿ ಹೊಗೆ ತಣಿಸೋ ಪಾಲು ಚಿಕ್ಕದು, ವೇಫರ್ ತೊಳೆಯೋದೇ ಹೆಚ್ಚು. 2021ರಲ್ಲಿ ತೈವಾನಿನಲ್ಲಿ ಬರ ಬಂದಾಗ ಅಲ್ಲಿನ ಸರ್ಕಾರ ಸಾವಿರಾರು ಹೆಕ್ಟೇರ್ ಗದ್ದೆಗೆ ನೀರು ನಿಲ್ಲಿಸಿತು, ಚಿಪ್ ಕಂಪನಿಗಳು ಟ್ಯಾಂಕರಲ್ಲಿ ನೀರು ತರಿಸಿಕೊಂಡವು. ರೈತರಿಗೆ ಪರಿಹಾರ ಕೊಟ್ಟರು, ಅದೂ ಹೇಳಬೇಕು. ಟ್ಯಾಂಕರ್ ನಮಗೆ ಹೊಸದಲ್ಲ. ಆದ್ರೆ ಹೇಮಾವತಿ ನೀರು ಶಿರಾಗೆ ಎಷ್ಟು, ಬೇರೆಯವರಿಗೆ ಎಷ್ಟು ಅಂತ ಪ್ರತಿ ವರ್ಷ ಜಗಳ ಆಗೋ ಜಿಲ್ಲೆ ನಮ್ಮದು. ಪಾವಗಡಕ್ಕೆ ತುಂಗಭದ್ರಾ ಹಿನ್ನೀರಿಂದ ಕುಡಿಯೋ ನೀರು ಬಂದದ್ದು 2025ರಲ್ಲಿ. ಅಷ್ಟು ದೂರದಿಂದ ಪಂಪ್ ಮಾಡಿ ತಂದಿದ್ದೇ ಫ್ಲೋರೈಡ್ ಇಲ್ಲದ ನೀರು ಬೇಕು ಅಂತ. ಆ ಪೈಪಿಗೆ ಯಾರಾದರೂ ಕೈ ಹಾಕಿದರೆ ನಾವು ಸುಮ್ಮನಿರಲ್ಲ, ಎಷ್ಟೇ ಕೆಲಸ ಕೊಡ್ತೀವಿ ಅಂದರೂ.

ಹಾಗಾದರೆ ನಾವು ಏನು ಕೇಳ್ತಾ ಇದ್ದೀವಿ? ಫ್ಯಾಬ್ ಬೇಡ ಅಂತ ಅಲ್ಲ. ಒಪ್ಪಂದದ ದಿನ ಪತ್ರಿಕೆಯಲ್ಲಿ ಎಷ್ಟು ಕೋಟಿ, ಎಷ್ಟು ಉದ್ಯೋಗ ಅಂತ ಬರುತ್ತಲ್ಲ, ಅದರ ಪಕ್ಕದಲ್ಲಿ ದಿನಕ್ಕೆ ಎಷ್ಟು ಕೆಜಿ ಫ್ಲೋರೈಡ್, ಅದು ಕೊನೆಗೆ ಎಲ್ಲಿ ಕೂರುತ್ತೆ ಅನ್ನೋದೂ ಬರಲಿ. ಹೊಗೆ ತಣಿಸೋಕೆ ಊರಿನ ನೀರು ಬೇಡ, ತುಮಕೂರು ನಗರದ ಚರಂಡಿ ನೀರನ್ನ ಶುದ್ಧ ಮಾಡಿ ಕೊಡಲಿ, ಕುಲುಮೆಗೆ ನೀರು ಕುಡಿಸೋಕೆ ಗಂಗಾಜಲ ಯಾಕೆ? ಒಳಗಿನ ನೀರು ಒಳಗೇ ಸುತ್ತಲಿ, ಹೊರಗೆ ಒಂದು ಹನಿಯೂ ಬಿಡದ ವ್ಯವಸ್ಥೆ ನಮ್ಮ ಕಡೆ ಕಡ್ಡಾಯ ಆಗಲಿ. ಕೆಸರಿನ ವಿಷಯದಲ್ಲಿ ಬೇರೆ ದೇಶಗಳು ದಾರಿ ತೋರಿಸಿವೆ, ಕ್ಯಾಲ್ಸಿಯಂ ಫ್ಲೋರೈಡನ್ನ ಸಿಮೆಂಟಿಗೆ, ಉಕ್ಕಿನ ಕುಲುಮೆಗೆ ಬಳಸ್ತಾರೆ. ಇಲ್ಲಿ ಸುಮ್ಮನೆ ಲಾರಿಗೆ ತುಂಬಿ ದಾಬಸ್‌ಪೇಟೆ ಗುಂಡಿಗೆ ಕಳಿಸೋದು ಸುಲಭ, ಆದ್ರೆ ಅದೂ ಯಾರದೋ ಊರೇ.

ಕಂಪನಿಗಿಂತ ಮುಂಚೆ ನಮ್ಮ ಮೇಲೇ ಒಂದು ದೂರಿದೆ. ಊರಿಗೆ ಹೋದಾಗ ಕೊರಟಗೆರೆಯವರು ತಮ್ಮ ಹಳ್ಳಿಯ ಶುದ್ಧ ನೀರಿನ ಘಟಕದ ಹಿಂದೆ ಹೋಗಿ ನೋಡಿದರು. ಮುಂದೆ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಒಳ್ಳೆ ನೀರು. ಹಿಂದೆ ಒಂದು ಪೈಪು, ಆರ್‌ಒ ಬೇಡ ಅಂದ ನೀರು ಚರಂಡಿಗೆ, ಚರಂಡಿಯಿಂದ ಗುಂಡಿಗೆ, ಗುಂಡಿಯಲ್ಲಿ ಎಮ್ಮೆ. ಫ್ಲೋರೈಡ್ ಅಲ್ಲೂ ನಾಶವಾಗಿಲ್ಲ, ಗಟ್ಟಿಯಾಗಿ ಹಿಂದಿನ ಬಾಗಿಲಿಂದ ಹೋಗಿದೆ. ಹತ್ತು ವರ್ಷ ಅದೇ ಘಟಕದ ಮುಂದೆ ಕ್ಯಾನ್ ಹಿಡಿದು ಕ್ಯೂ ನಿಂತಿದ್ದೀವಿ, ಹಿಂದೆ ಹೋಗಿ ನೋಡಿರಲಿಲ್ಲ. ಸ್ಲೈಡ್ ಆಚೆ ಹೋದ ಬಾಣದ ಬಗ್ಗೆ ಕೇಳೋ ಮುಂಚೆ ಈ ಬಾಣದ ಬಗ್ಗೆ ಕೇಳಬೇಕಿತ್ತು.

ಅದಕ್ಕೆ ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ನಾವು ಆ್ಯಪ್ ಮಾಡ್ತಾ ಇಲ್ಲ. ನಾಲ್ಕೂ ತಾಲ್ಲೂಕಿಂದ ಒಂದೊಂದು ಘಟಕದ ಮುಂದಿನ ನೀರು, ಹಿಂದಿನ ನೀರು ಬಾಟಲಿಯಲ್ಲಿ ತರ್ತೀವಿ. ಜಿರ್ಕೋನಿಯಂ–ಅಲಿಜರಿನ್ ಕಿಟ್ ತರಿಸಿದ್ದೀವಿ, ಕೆಂಪಗಿರೋ ದ್ರಾವಣ ಫ್ಲೋರೈಡ್ ಹೆಚ್ಚಿದಷ್ಟೂ ಹಳದಿ ಕಡೆ ತಿರುಗುತ್ತೆ. ಆಲಂ, ಸುಣ್ಣ ಹಾಕೋ ನೀರಿಯವರ ನಲ್ಗೊಂಡ ವಿಧಾನವನ್ನ ಹಿಂದಿನ ಪೈಪಿನ ನೀರಿಗೆ ಹಾಕಿ, ಎಷ್ಟಕ್ಕೆ ಇಳಿಯುತ್ತೆ, ಎಂಟರ ಗೋಡೆ ದಾಟುತ್ತಾ ಅಂತ ನೋಡಬೇಕು. ಗೈಡ್ ಬೇಕಾಗಿದ್ದಾರೆ, ಕೆಮಿಸ್ಟ್ರಿ ವಿಭಾಗದವರು ಯಾರಾದರೂ ಓದ್ತಾ ಇದ್ದರೆ ಮೆಸ್ಸಿನ ಆ ಟೇಬಲ್ ಹತ್ತಿರ ಬನ್ನಿ. ಮೊದಲ ಬಾಟಲಿ ಭಾನುವಾರ ಪಾವಗಡದ ಬಸ್ಸಲ್ಲಿ ಬರ್ತಿದೆ, ಅಜ್ಜಿ ಮನೆ ಹಿಂದಿನ ಬೋರಿಂದು.